ಫಿಟ್ಸ್ ಆಪರೇಷನ್‌ಗೆ ಮುಂಚೆ ‘ಮಾತಿನ ಸ್ಕ್ಯಾನ್’ ಯಾಕೆ? ಯಾವ ಭಾಷೆಯಲ್ಲಿ ಮಾಡಿಸಬೇಕು?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಿಮ್ಮ ತಮ್ಮನಿಗೆ ಫಿಟ್ಸ್‌ಗಾಗಿ ಮೆದುಳಿನ ಆಪರೇಷನ್ ಮಾಡುವ ಮುಂಚೆ ಎಫ್‌ಎಂಆರ್‌ಐ (ಮೆದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಬರೆದುಕೊಟ್ಟಿದ್ದಾರೆ ಅಂದಿರಿ. ಗಾಬರಿ ಬೇಡ, ಅದರಲ್ಲಿ ಸೂಜಿ ಚುಚ್ಚುವುದಿಲ್ಲ.

ಬಲಗೈಯವರಲ್ಲಿ 100ಕ್ಕೆ ಸುಮಾರು 95 ಜನರಿಗೆ ಮಾತು ಮೆದುಳಿನ ಎಡಭಾಗದಲ್ಲಿರುತ್ತದೆ. ಎಡಚರಲ್ಲಿ ಸುಮಾರು 70. ಆದರೆ ಚಿಕ್ಕಂದಿನಿಂದಲೇ ಎಡಗಡೆ ಫಿಟ್ಸ್ ಹುಟ್ಟುತ್ತಿದ್ದರೆ ಮಾತು ಬಲಕ್ಕೆ ಸರಿದಿರಬಹುದು, ಎರಡೂ ಕಡೆ ಹಂಚಿಕೊಂಡಿರಲೂಬಹುದು. ಅದನ್ನು ನೋಡದೆ ಕತ್ತರಿ ಹಾಕಿದರೆ ಮಾತಿಗೇ ಏಟು ಬೀಳಬಹುದು, ಅಲ್ವಾ?

ಮಷಿನ್‌ನೊಳಗೆ ಮಲಗಿಸಿ, ‘ಕ’ದಿಂದ ಶುರುವಾಗುವ ಪದಗಳನ್ನು ಮನಸ್ಸಲ್ಲೇ ಹೇಳಿಕೊಳ್ಳಿ ಅನ್ನುತ್ತಾರೆ. ಕಡಲೆ, ಕಂಬಳಿ, ಕಾಗೆ... ಸ್ವಲ್ಪ ಹೊತ್ತು ಪದ, ಸ್ವಲ್ಪ ಹೊತ್ತು ಸುಮ್ನೆ. ಕೆಲಸ ಮಾಡುವ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಮಷಿನ್ ಹಿಡಿಯುವುದು ಅದನ್ನೇ. ತಲೆ ಅಲ್ಲಾಡಿಸಿದರೆ ಚಿತ್ರ ಕೆಡುತ್ತದೆ.

ಇನ್ನು ಭಾಷೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅನ್ನುವುದನ್ನು ಮೊದಲೇ ಹೇಳಿಬಿಡಿ. ಮುಂಬೈಯಲ್ಲಿ ನಮ್ಮ ಕನ್ನಡದವರು ಯಾರಾದರೂ ಕೇಳದೆ ಇದನ್ನು ಬಾಯಿ ಬಿಡುವುದಿಲ್ಲ! ತಡವರಿಸುವ ಭಾಷೆಯಲ್ಲಿ ಮಾಡಿಸಿದರೆ ಫಲಿತಾಂಶ ನಂಬುವುದು ಕಷ್ಟ.

ಆಗಲೂ ಗೊಂದಲ ಉಳಿದರೆ ವಾಡಾ ಟೆಸ್ಟ್ ಇದೆ. ಕತ್ತಿನ ರಕ್ತನಾಳಕ್ಕೆ ಮದ್ದು ಬಿಟ್ಟು, ಅರ್ಧ ಮೆದುಳನ್ನು ಕೆಲವು ನಿಮಿಷ ಮಲಗಿಸಿ, ಮಾತಾಡಿಸಿ ನೋಡುತ್ತಾರೆ.