‘ಆಕಾಶಕ್ಕೂ ಒಂದು ವಿಳಾಸ’ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅನ್ನುವುದಕ್ಕೂ ಮನಸ್ಸಿಲ್ಲ. ನೆಲದ ಮೇಲಿನ ಊರನ್ನೂ ಆಕಾಶದ ನಕ್ಷತ್ರವನ್ನೂ ಅಂಕಿಯಲ್ಲಿ ಗುರುತಿಸುವುದು ಹೇಗೆ ಅನ್ನುವುದು ಒಳ್ಳೆಯ ವಿಷಯ, ಅದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ. ಅದಕ್ಕೇ ಇಷ್ಟುದ್ದ ಉತ್ತರ.

ದೊಡ್ಡ ತಕರಾರು ಇದು: ಅರ್ಧಕ್ಕಿಂತ ಜಾಸ್ತಿ ಬರೀ ವ್ಯಾಖ್ಯೆಗಳೇ. ಐಸಿಆರ್‌ಎಸ್ ಅಂದರೆ ಆಕಾಶದಲ್ಲಿ ಜಾಗ ಗುರುತಿಸುವ ಅಳತೆಯ ಚೌಕಟ್ಟು, ಐಟಿಆರ್‌ಎಸ್ ಅಂದರೆ ಭೂಮಿಯದ್ದು, ಐಇಆರ್‌ಎಸ್ ಅಂದರೆ ಇವನ್ನು ನೋಡಿಕೊಳ್ಳುವ ಸಂಸ್ಥೆ. ಸರಿ, ಆದರೆ ಇಷ್ಟೆಲ್ಲ ಯಾಕೆ ಬೇಕಾಯಿತು? ಮೊದಲು ಏನು ಕೆಟ್ಟಿತ್ತು ಅಂತ ತೋರಿಸಿ, ಆಮೇಲೆ ರಿಪೇರಿಯ ಹೆಸರು ಹೇಳಿ.

ಅದಕ್ಕೆ ಬೇಕಾದ ಕಥೆ ನಿಮ್ಮ ಕೈಯಲ್ಲೇ ಇತ್ತು. ‘ಸೊನ್ನೆ ರೇಖಾಂಶ ಗ್ರೀನಿಚ್‌ನಲ್ಲಿದೆ’ ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ ಮಾರಾಯ್ರೇ! ಅಲ್ಲಿನ ವೀಕ್ಷಣಾಲಯದ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಲೋಹದ ಗೆರೆ ಇದೆ, ಜನ ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಗೆರೆಯ ಮೇಲೆ ನಿಂತು ಮೊಬೈಲಿನಲ್ಲಿ ಜಿಪಿಎಸ್ ನೋಡಿದರೆ ಸೊನ್ನೆ ಬರುವುದಿಲ್ಲ, ಪಶ್ಚಿಮಕ್ಕೆ ಸುಮಾರು 5 ಸೆಕೆಂಡ್ ಕೋನ ತೋರಿಸುತ್ತದೆ (ಒಂದು ಡಿಗ್ರಿಗೆ 3600 ಸೆಕೆಂಡ್ ಕೋನ). ಸೊನ್ನೆ ಬೇಕು ಅಂದರೆ ಪೂರ್ವಕ್ಕೆ ಸುಮಾರು 102 ಮೀಟರ್ ನಡೆಯಬೇಕು. ಯಾಕೆ ಗೊತ್ತಾ? 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ್ದ ದೇಶಗಳು ಸೊನ್ನೆ ಅಂತ ಒಪ್ಪಿಕೊಂಡಿದ್ದು ಆ ವೀಕ್ಷಣಾಲಯದ ಖಗೋಳ ವಿಜ್ಞಾನಿ ಜಾರ್ಜ್ ಏರಿಯವರ ದೂರದರ್ಶಕ ನಿಂತಿದ್ದ ಗೆರೆಯನ್ನು. ಆ ದೂರದರ್ಶಕಕ್ಕೆ ‘ನೇರ ಮೇಲೆ’ ಯಾವುದು ಅಂತ ಹೇಳುತ್ತಿದ್ದದ್ದು ಬೋಗುಣಿಯಲ್ಲಿದ್ದ ಪಾದರಸದ ಮಟ್ಟ. ಪಾದರಸ ಆ ಜಾಗದ ಗುರುತ್ವಕ್ಕೆ ತಕ್ಕಂತೆ ನಿಲ್ಲುತ್ತದೆ, ಭೂಮಿಯ ಒಳಗೆ ಕಲ್ಲುಮಣ್ಣು ಎಲ್ಲ ಕಡೆ ಒಂದೇ ತೂಕದ್ದಲ್ಲವಲ್ಲ, ಹಾಗಾಗಿ ಅಲ್ಲಿ ತೂಗುಗುಂಡು ಬಿಟ್ಟರೆ ಅದು ಒಂಚೂರು ವಾರೆಯಾಗಿ ನಿಲ್ಲುತ್ತದೆ. ಉಪಗ್ರಹಗಳ ಲೆಕ್ಕ ಹಾಗಲ್ಲ, ಅದು ಭೂಮಿಯ ದ್ರವ್ಯರಾಶಿಯ ಕೇಂದ್ರದಿಂದ ಶುರು. ಸೊನ್ನೆ ಗೆರೆಯನ್ನು ಮೇಲಕ್ಕೂ ಕೆಳಕ್ಕೂ ಗೋಡೆಯ ಹಾಗೆ ಚಾಚಿದರೆ ಒಂದು ಸಮತಲ ಸಿಗುತ್ತದೆ. ಹಳೆಯ ಸೊನ್ನೆಯ ಸಮತಲವೂ ಹೊಸದೂ ಒಂದಕ್ಕೊಂದು ಸಮಾನಾಂತರ, ಆಕಾಶದಲ್ಲಿ ಎರಡೂ ಒಂದೇ ದಿಕ್ಕನ್ನು ನೋಡುತ್ತವೆ. ಅದಕ್ಕೇ ಗಡಿಯಾರದ ಲೆಕ್ಕ ಹಾರಲಿಲ್ಲ, ನೆಲದ ಮೇಲಿನ ಗೆರೆ ಮಾತ್ರ ಜರುಗಿತು. ಇಷ್ಟನ್ನು ಬಿಡಿಸಿ ಹೇಳಿದರೆ ಆಕಾಶದ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ಏನು ನಂಟು ಅನ್ನುವುದು ಓದುವವರಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ತಪ್ಪುಗಳು. ಚಿತ್ರಾ ನಕ್ಷತ್ರದ ಆಕಾಶದ ರೇಖಾಂಶ 13 ಗಂಟೆ 25 ನಿಮಿಷ (ಪೂರ್ತಿ ಸುತ್ತಿಗೆ 24 ಗಂಟೆ) ಅಂತ ಕೊಟ್ಟಿದ್ದೀರಿ, ಯಾವ ಕಾಲದ ಲೆಕ್ಕ ಅಂತ ಹೇಳಿಲ್ಲ. ಅದು 2000ನೇ ಇಸವಿಯದು. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುತ್ತಿರುವುದರಿಂದ ಈ ಲೆಕ್ಕದ ಸೊನ್ನೆಯಾದ ವಿಷುವ ಬಿಂದು, ಅಂದರೆ ಮಾರ್ಚ್‌ನಲ್ಲಿ ಹಗಲು ಇರುಳು ಸಮವಾಗುವ ದಿನ ಆಕಾಶದಲ್ಲಿ ಸೂರ್ಯ ಇರುವ ಜಾಗ, ವರ್ಷಕ್ಕೆ 50 ಸೆಕೆಂಡ್ ಕೋನದಷ್ಟು ಹಿಂದೆ ಸರಿಯುತ್ತದೆ. ಆಗಿನಿಂದ ಈಗಾಗಲೇ ಡಿಗ್ರಿಯ ಮೂರನೇ ಒಂದು ಪಾಲು ಸರಿದಿದೆ, ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ಜಾಸ್ತಿ. ಇಸವಿ ಇಲ್ಲದ ಅಂಕಿ ಇಟ್ಟುಕೊಂಡು ದೂರದರ್ಶಕ ತಿರುಗಿಸಿದವರಿಗೆ ಅಲ್ಲಿ ನಕ್ಷತ್ರ ಸಿಗದೇ ಹೋಗಬಹುದು.

‘ಮಕರ ಸಂಕ್ರಾಂತಿಯಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ’ ಅಂತಲೂ ಬರೆದಿದ್ದೀರಿ. ಸೂರ್ಯ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಆದರೆ ಇದನ್ನು ಸುಮ್ನೆ ತೆಗೆದುಹಾಕಬೇಡಿ, ಇಲ್ಲೇ ನಿಮ್ಮ ವಿಷಯ ಇದೆ. ನಮ್ಮ ನಿರಯನ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಸೊನ್ನೆ ಇಡುತ್ತದೆ, ಸಾಯನ ಪದ್ಧತಿ ವಿಷುವ ಬಿಂದುವನ್ನು ಹಿಡಿಯುತ್ತದೆ. ಇವೆರಡರ ನಡುವಿನ ಅಂತರವೇ ಅಯನಾಂಶ, ಈಗ ಸುಮಾರು 24 ಡಿಗ್ರಿ. ಸೂರ್ಯ ದಿನಕ್ಕೆ ಹತ್ತಿರ ಹತ್ತಿರ ಒಂದು ಡಿಗ್ರಿ ಸಾಗುತ್ತಾನೆ, ಹಾಗಾಗಿ ಸಂಕ್ರಾಂತಿ ಸುಮಾರು 24 ದಿನ ತಡವಾಗಿ, ಜನವರಿ 14 ಅಥವಾ 15ಕ್ಕೆ ಬರುತ್ತದೆ. ಎಳ್ಳು ಬೆಲ್ಲ ಹಂಚುವ ಪ್ರತಿ ಮನೆಗೂ ಗೊತ್ತಿರುವ ದಿನ ಅದು. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ?

‘ಸ್ಥಿರ ನಕ್ಷತ್ರಗಳಿಗೆ ಹೋಲಿಸಿ ಅಳೆಯುತ್ತಾರೆ’ ಅನ್ನುವುದೂ ಹಳೆಯ ಮಾತು. ನಕ್ಷತ್ರಗಳೂ ಜರುಗುತ್ತವೆ, ಬರ್ನಾರ್ಡ್ ನಕ್ಷತ್ರವಂತೂ ವರ್ಷಕ್ಕೆ 10 ಸೆಕೆಂಡ್ ಕೋನ. ಅದಕ್ಕೇ 1998ರ ಜನವರಿ 1ರಿಂದ ಖಗೋಳ ವಿಜ್ಞಾನಿಗಳು ಕ್ವೇಸಾರ್‌ನಂಥ (ಬಹು ದೂರದ ಗೆಲಾಕ್ಸಿಗಳ ಪ್ರಖರ ನಡುಭಾಗ) ರೇಡಿಯೊ ಆಕರಗಳನ್ನು ಆಧಾರ ಮಾಡಿಕೊಂಡರು. ಅವು ಎಷ್ಟು ದೂರ ಅಂದರೆ ಅವುಗಳ ಓಟ ನಮಗೆ ಕಾಣುವುದೇ ಇಲ್ಲ. 2019ರಿಂದ ಬಳಕೆಯಲ್ಲಿರುವ, ಇಂಥ ಆಕರಗಳ ಮೂರನೇ ಪಟ್ಟಿಯಲ್ಲಿ 303 ಆಕರಗಳು ಆಧಾರ.

ನೀವು ‘ಆಕಾಶ’, ‘ಭೂಮಿ’ ಅಂತ ಎರಡು ಭಾಗ ಮಾಡಿ ನಡುವೆ ಏನೂ ಬರೆದಿಲ್ಲ. ನಡುವೆ ಇರುವುದೇ ವಿಎಲ್‌ಬಿಐ, ಅಂದರೆ ದೂರ ದೂರದ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ ಅಳೆಯುವ ವಿಧಾನ. ಬೇರೆ ಬೇರೆ ಖಂಡಗಳ ರೇಡಿಯೊ ದೂರದರ್ಶಕಗಳು ಒಂದೇ ಕ್ವೇಸಾರಿನ ಕಡೆ ತಿರುಗಿ ಕೂರುತ್ತವೆ. ಅದರ ಅಲೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ತಲುಪುತ್ತದೆ. ಅಂಥ ಸಾವಿರಾರು ವ್ಯತ್ಯಾಸಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದರೆ ಕ್ವೇಸಾರ್ ಎಲ್ಲಿದೆ, ದೂರದರ್ಶಕ ಎಲ್ಲಿದೆ, ಭೂಮಿ ಎಷ್ಟು ತಿರುಗಿದೆ, ಮೂರೂ ಸಿಗುತ್ತವೆ. ಇದಕ್ಕೆ ಮೂರು ಪ್ಯಾರಾ ಕೊಟ್ಟರೂ ಜಾಸ್ತಿಯಲ್ಲ.

ಭೂಮಿಯ ಭಾಗಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರವನ್ನು ತೆಗೆದುಕೊಳ್ಳಿ, ಅದು ಅಂತರರಾಷ್ಟ್ರೀಯ ಜಾಲದಲ್ಲಿದೆ. ಭಾರತ ಕೂತಿರುವ ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ, 20 ವರ್ಷಕ್ಕೆ ಒಂದು ಮೀಟರ್. ಹಾಗಾಗಿ ಇಂಥ ಕೇಂದ್ರದ ಜಾಗವನ್ನು ಬರೆದಿಡುವಾಗ ಜೊತೆಗೆ ದಿನಾಂಕವನ್ನೂ ಅದು ಸರಿಯುವ ವೇಗವನ್ನೂ ಬರೆದಿಡುತ್ತಾರೆ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ವಿಶ್ವದ ಮುಂದೆ ಮನುಷ್ಯ ಎಷ್ಟು ಸಣ್ಣವನು ಅನ್ನುವ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಸಂಕ್ಷಿಪ್ತ ಹೆಸರುಗಳಲ್ಲಿ ಎರಡೋ ಮೂರೋ ಉಳಿದರೆ ಸಾಕು. ಗ್ರೀನಿಚ್‌ನ ಎರಡು ಸಮತಲಗಳನ್ನು ಒಂದು ಹಾಳೆಯಲ್ಲಿ ಬಿಡಿಸಿ ಜೊತೆಗಿಡಿ, ಪೆನ್ಸಿಲಿನಲ್ಲಾದರೂ ಸರಿ, ನಮ್ಮವರು ನೀಟಾಗಿ ಬರೆದುಕೊಳ್ಳುತ್ತಾರೆ. ಅವಸರ ಇಲ್ಲ, ಆದರೆ ಸಂಕ್ರಾಂತಿಗೆ ಮೊದಲು ಬಂದರೆ ಅದೇ ವಾರ ಹಾಕಬಹುದು.