ಹಳೆಯ ವಿದ್ಯಾರ್ಥಿನಿಗೆ ‘ನೀನು’ ಎನ್ನುವುದೋ ‘ನೀವು’ ಎನ್ನುವುದೋ?

ನೀವು ಹಿಂದೆ ಪಾಠ ಹೇಳಿದ ವಿದ್ಯಾರ್ಥಿನಿಯೇ ಈಗ ನಿಮ್ಮ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದಿದ್ದಾರೆ, ‘ನೀನು’ ಎನ್ನಲು ನಾಲಿಗೆ ಹೊರಳದು, ‘ನೀವು’ ಎಂದರೆ ಅವರೇ ಮುಜುಗರಪಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಸ್ಥಾನವನ್ನೂ ಪಾತ್ರವನ್ನೂ ಬೇರ್ಪಡಿಸಿ, ಹಕ್ಕು ಮತ್ತು ಕರ್ತವ್ಯಗಳ ಸಮೂಹವನ್ನು ಸ್ಥಾನವೆಂದೂ ಅವನ್ನು ನಡೆಸಿ ತೋರಿಸುವುದನ್ನು ಪಾತ್ರವೆಂದೂ ಕರೆದರು. ನಿಮ್ಮಿಬ್ಬರ ನಡುವೆ ಗುರು-ಶಿಷ್ಯೆ, ಅಧೀನ-ಅಧಿಕಾರಿ ಎಂಬ ಎರಡು ಜೋಡಿ ಸ್ಥಾನಗಳಿವೆ, ಒಂದರ ಮೇಲು-ಕೆಳಗು ಇನ್ನೊಂದರಲ್ಲಿ ತಿರುವುಮುರುವಾಗಿದೆ. ಇಕ್ಕಟ್ಟು ಇಷ್ಟೇ.

ಐರೋಪ್ಯ ಭಾಷೆಗಳ ಇಂಥ ಸರ್ವನಾಮಗಳನ್ನು ಸಂಶೋಧಕರಾದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಎಳೆಗಳಿಂದ ವಿವರಿಸಿದರು. ಕನ್ನಡದಲ್ಲಿಯೂ ‘ನೀನು’ ಎಂಬುದು ಬರೀ ಅಗೌರವವಲ್ಲ. ಅಪ್ಪನಿಗೆ ‘ನೀವು’ ಎನ್ನುವ ಎಷ್ಟೋ ಮನೆಗಳಲ್ಲಿ ಅಮ್ಮನಿಗೂ ದೇವರಿಗೂ ‘ನೀನು’ ಎಂದೇ ಹೇಳುತ್ತಾರೆ.

ಆದ್ದರಿಂದ ಶಾಲೆಯಲ್ಲಿ, ವಿಶೇಷವಾಗಿ ಪೋಷಕರ ಮತ್ತು ಮಕ್ಕಳ ಎದುರು, ‘ನೀವು’, ‘ಮೇಡಂ’ ಎನ್ನಿ. ಅವರ ಬೆನ್ನ ಹಿಂದೆ ಸಿಬ್ಬಂದಿ ಕೊಠಡಿಯಲ್ಲಿ ಮಾತಾಡುವಾಗಲೂ ‘ಅವಳು’ ಬೇಡ, ‘ಅವರು’ ಇರಲಿ. ಮನೆಯಲ್ಲಿ ಭೇಟಿಯಾದಾಗ, ಅವರು ಬಯಸಿದರೆ, ಹಳೆಯ ‘ನೀನು’ ಮರಳಬಹುದು. ಎರಡೂ ಬಾಯಿಗೆ ಬಾರದ ಗಳಿಗೆಗೆ ನಮ್ಮ ಜನ ಮೊದಲೇ ದಾರಿ ಕಂಡುಕೊಂಡಿದ್ದಾರೆ: ಕರ್ತೃವನ್ನು ಬಿಟ್ಟರೂ ‘ಬಂದೆಯಾ’, ‘ಬಂದಿರಾ’ ಎಂಬ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ, ಆದರೆ ‘ಊಟ ಆಯಿತೇ?’, ‘ಸಭೆ ಎಷ್ಟು ಹೊತ್ತಿಗೆ?’ ಎಂಬ ಪ್ರಶ್ನೆಗಳಲ್ಲಿ ಆ ಗುಟ್ಟಿಗೆ ಜಾಗವೇ ಇಲ್ಲ.