ಮರೆಯದ ಅಂಗಡಿಯವನ ಪರವಾಗಿ

ಪತ್ರ: ಸಂಪಾದಕರೇ, ದಿನದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ವಿಡಿಯೊ ಗೇಮ್ ಆಡುವವನು ನಾನು. ಆಟದ ಶುರುವಿನಲ್ಲಿ ಒಬ್ಬ ವ್ಯಾಪಾರಿಯ ಪೆಟ್ಟಿಗೆಯಿಂದ ಏನೋ ಕದ್ದಿದ್ದೆ. ಮೂವತ್ತು ಗಂಟೆ ಆಡಿದ ಮೇಲೆ ಅವನು ಏಕಾಏಕಿ ‘ಕಳ್ಳನಿಗೆ ಔಷಧಿ ಮಾರುವುದಿಲ್ಲ’ ಎಂದ. ದುಡ್ಡು ಕೊಟ್ಟು ಕೊಂಡ ಆಟದಲ್ಲೂ ಹಗೆ ಕಟ್ಟಿಕೊಳ್ಳಬೇಕೆ? ಪಾತ್ರಗಳು ಮರೆತುಬಿಟ್ಟರೆ ಯಾರಿಗೇನು ನಷ್ಟ?

ಉತ್ತರ: ನಷ್ಟ ನಿಮಗೇ. ಕದ್ದದ್ದು ಏನೆಂದು ನಿಮಗೆ ಮರೆತೇ ಹೋಗಿದೆ, ಅದನ್ನು ನೆನಪಿಟ್ಟುಕೊಂಡವನು ಅವನೊಬ್ಬನೇ. ನಿಮ್ಮ ಮೂವತ್ತು ಗಂಟೆಯಲ್ಲಿ ನೀವು ಮಾಡಿದ ಒಂದು ಕೆಲಸಕ್ಕೆ ಆ ಲೋಕದಲ್ಲಿ ಬೆಲೆ ಇತ್ತೆಂದು ತೋರಿಸಿದವನೂ ಅವನೇ.

ದಣಿದು ಬಂದವರಿಗೆ ಆಟ ಹಗುರಾಗಿರಬೇಕು ಎಂಬ ನಿಮ್ಮ ಇಂಗಿತ ಒಪ್ಪತಕ್ಕದ್ದೇ. ಹಣ್ಣು ಕಿತ್ತರೆ ಮತ್ತೆ ಬೆಳೆಯುವ, ಯಾರೂ ಮುನಿಯದ ಆಟಗಳು ಬೇಕಾದಷ್ಟಿವೆ, ಅವು ಇರಲಿ.

ಆದರೆ ಗೇಮ್ ಬಾಯ್ ಎಂಬ ಪುಟ್ಟ ಯಂತ್ರಕ್ಕೆ ಬಂದ 1993ರ ಆಟ ‘ಲಿಂಕ್ಸ್ ಅವೇಕನಿಂಗ್’ ನೋಡಿ. ಅಂಗಡಿಯವನು ಬೆನ್ನು ತಿರುಗಿಸಿದಾಗ ಸಾಮಾನು ಎತ್ತಿಕೊಂಡು ಓಡಬಹುದು. ಆಮೇಲೆ ದ್ವೀಪದವರೆಲ್ಲ ನಿಮ್ಮನ್ನು ಹೆಸರಿನಿಂದ ಕರೆಯುವುದಿಲ್ಲ, ‘ಕಳ್ಳ’ ಎನ್ನುತ್ತಾರೆ. ಮತ್ತೆ ಆ ಅಂಗಡಿಗೆ ಕಾಲಿಟ್ಟರೆ ಅವನ ಕೈಯಲ್ಲೇ ಸಾವು. ಇಷ್ಟನ್ನು ನೆನಪಿಡಲು ಬೇಕಾದ ಜಾಗ ಒಂದೆರಡು ಬಿಟ್, ಅಂದರೆ ಯಂತ್ರದ ನೆನಪಿನ ಅತಿ ಚಿಕ್ಕ ತುಣುಕು: ಕದ್ದನೋ ಇಲ್ಲವೋ. ಅಂಗೈಯಷ್ಟು ಯಂತ್ರಕ್ಕೆ ಸಾಧ್ಯವಾದದ್ದು ಇಂದಿನ ದೈತ್ಯ ಯಂತ್ರಗಳಿಗೆ ಭಾರವೆಂದರೆ ನಂಬುವುದು ಕಷ್ಟ.

‘ಡ್ವಾರ್ಫ್ ಫೋರ್ಟ್ರೆಸ್’ನಲ್ಲಿ ಒಬ್ಬೊಬ್ಬ ಕುಳ್ಳನಿಗೂ ಎಂಟು ತಾತ್ಕಾಲಿಕ ನೆನಪಿನ ಗೂಡು, ಎಂಟು ದೀರ್ಘಕಾಲದ ಗೂಡು. ಬಲವಾದದ್ದು ದುರ್ಬಲವಾದದ್ದನ್ನು ಹೊರಹಾಕುತ್ತದೆ; ವರ್ಷ ಉಳಿದದ್ದು ಒಳಗೂಡಿಗೆ ಇಳಿಯುತ್ತದೆ, ಕೊನೆಗೆ ಸ್ವಭಾವವನ್ನೇ ತಿರುಗಿಸಲೂಬಹುದು. ‘ಸ್ಟಾರ್‌ಡ್ಯೂ ವ್ಯಾಲಿ’ಯಂಥ ಸೌಮ್ಯ ಆಟದಲ್ಲೂ ಕಸದ ತೊಟ್ಟಿ ಕೆದಕುವುದನ್ನು ಯಾರಾದರೂ ಹತ್ತಿರದಿಂದ ಕಂಡರೆ ಸ್ನೇಹದಲ್ಲಿ 25 ಅಂಕ ಹೋಗುತ್ತದೆ. ಡೇರೆಯಲ್ಲಿ ಬದುಕುವ ಲೈನಸ್ ಮಾತ್ರ ಬೇಸರಿಸುವುದಿಲ್ಲ. ಒಂದೇ ಕೃತ್ಯವನ್ನು ಇಬ್ಬರು ಎರಡು ಬಗೆಯಲ್ಲಿ ಕಾಣುತ್ತಾರಲ್ಲ, ಪಾತ್ರಕ್ಕೆ ಜೀವ ಬರುವುದು ಅಲ್ಲಿ. ಅದೇ ಆಟದಲ್ಲಿ ವಿಚ್ಛೇದಿತ ಸಂಗಾತಿಯ ನೆನಪು ಅಳಿಸುವ ಗುಡಿಯೊಂದಿದೆ, ದರ 30,000 ಚಿನ್ನ. ಮರೆವೂ ಇದೆ, ಪುಕ್ಕಟೆಯಾಗಿ ಅಲ್ಲ.

ನಿಮ್ಮ ವ್ಯಾಪಾರಿಯ ವಿಷಯಕ್ಕೆ ಬರೋಣ. ಅಲ್ಲಿ ತಪ್ಪಿರುವುದು ನೆನಪಿನಲ್ಲಲ್ಲ, ನೆನಪನ್ನು ಕಟ್ಟಿದ ರೀತಿಯಲ್ಲಿ. ಸರಿಯಾಗಿ ಕಟ್ಟಿದರೆ ಪ್ರತಿ ಘಟನೆಗೆ ಐದು ಅಂಶ ದಾಖಲಾಗಬೇಕು: ಯಾರು, ಏನು, ಯಾವಾಗ, ಕಂಡವರು ಯಾರು, ತೂಕ ಎಷ್ಟು. ಕಳ್ಳತನಕ್ಕೆ 40, ಹೊಡೆತಕ್ಕೆ 60, ಮನೆಯವರನ್ನು ಕೊಂದರೆ 100 ಎಂದಿಟ್ಟುಕೊಳ್ಳಿ. ಮೊತ್ತ 10 ದಾಟಿದರೆ ಪಾತ್ರ ಮುಖ ಸಿಂಡರಿಸಬೇಕು, 30 ದಾಟಿದರೆ ಬೆಲೆ ಏರಿಸಬೇಕು, 60 ದಾಟಿದರೆ ಮಾತ್ರ ಮಾರುವುದಿಲ್ಲ ಎನ್ನಬೇಕು. ಈ ಮೆಟ್ಟಿಲುಗಳಿದ್ದಿದ್ದರೆ ಮೂವತ್ತು ಗಂಟೆ ನಕ್ಕು ಮಾರಿದವನು ಒಂದು ದಿನ ಬಾಗಿಲು ಹಾಕುತ್ತಿರಲಿಲ್ಲ. ಸೂಚನೆ ಕೊಡದ ಹಗೆ ಆಟಗಾರನಿಗೆ ಪ್ರೋಗ್ರಾಮಿನ ದೋಷದಂತೆಯೇ ಕಾಣುತ್ತದೆ.

ತೂಕ ಇಳಿಯಲೂ ಬೇಕು. ಹಾವಿನ ಹಗೆಗೇ ಹನ್ನೆರಡು ವರ್ಷದ ಗಡುವಿದೆ ಎನ್ನುವ ಮಾತಿರುವಾಗ ವ್ಯಾಪಾರಿಯ ಸಿಟ್ಟಿಗೆ ಇರಬಾರದೆ? ಆಟದೊಳಗಿನ ಹತ್ತು ದಿನಕ್ಕೊಮ್ಮೆ ಅರ್ಧವಾದರೆ ನಲವತ್ತು ಇಪ್ಪತ್ತಾಗುತ್ತದೆ, ಮತ್ತೆ ಹತ್ತಾಗುತ್ತದೆ, ಮುಖ ಸಡಿಲವಾಗುತ್ತದೆ. ಕೊಲೆ ಮಾತ್ರ ಹಾಗೇ ಉಳಿಯಲಿ. ಕದ್ದದ್ದನ್ನು ಹಿಂದಿರುಗಿಸಿದರೆ ಒಮ್ಮೆಲೇ ಕಳೆಯುವ ದಾರಿಯೂ ಬೇಕು. ‘ನೆಟ್‌ಹ್ಯಾಕ್’ನ ಅಂಗಡಿಯವನು ಅಟ್ಟಿಸಿಕೊಂಡು ಬಂದರೂ ಬಾಕಿ ತೆತ್ತರೆ ತಣ್ಣಗಾಗುತ್ತಾನೆ.

ಕೆಡುವ ಜಾಗಗಳು ಇನ್ನೂ ಇವೆ. ಒಂದೇ ಬುಟ್ಟಿಯಿಂದ ಹತ್ತು ಹಣ್ಣು ಎತ್ತಿದರೆ ಹತ್ತು ಅಪರಾಧ ಎಂದು ಲೆಕ್ಕ ಬೀಳುತ್ತದೆ. ಅವನ್ನು ಒಂದೇ ದಾಖಲೆಗೆ ಸೇರಿಸಬೇಕು. ಜಗಳದ ನಡುವೆ ಕೈತಪ್ಪಿ ಬಿದ್ದ ಮೊದಲ ಏಟನ್ನು ಬಿಟ್ಟುಬಿಡಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಕತ್ತಲೆ ಕೋಣೆಯಲ್ಲಿ ಮಾಡಿದ ಕಳ್ಳತನ ಮರುಕ್ಷಣವೇ ಇಡೀ ಊರಿಗೆ ಗೊತ್ತಾಗುವುದು. ಕಂಡವರಿಗಷ್ಟೇ ಪೂರ್ತಿ ತೂಕ ಹೋಗಲಿ. ಅವರು ಯಾರೊಡನೆ ಮಾತಾಡುತ್ತಾರೋ ಅವರಿಗೆ ಅರ್ಧ, ಅಲ್ಲಿಂದ ಮುಂದಕ್ಕೆ ಕಾಲು. ಹೀಗೆ ಮಾಡಿದರೆ ಸುದ್ದಿ ಬಾಯಿಂದ ಬಾಯಿಗೆ ನಡೆಯುತ್ತದೆ, ಪಕ್ಕದ ಊರಿಗೆ ನೀವು ಸುದ್ದಿಗಿಂತ ಮೊದಲು ತಲುಪಬಹುದು. ಅದರಷ್ಟು ಸೊಗಸಾದ ಆಟ ಇನ್ಯಾವುದು?

ಇನ್ನು ಹಳೆಯ ಸೇವ್ ಫೈಲ್, ಅಂದರೆ ಆಟ ಎಲ್ಲಿಗೆ ಬಂದಿತ್ತೆಂದು ಉಳಿಸಿಟ್ಟ ಕಡತ, ತೆರೆದು ಆಮೇಲೆ ನಡೆದದ್ದೆಲ್ಲವನ್ನೂ ಅಳಿಸುವ ಅಭ್ಯಾಸ. ನಿಮ್ಮ ಪತ್ರದಲ್ಲಿ ಅದರ ವಾಸನೆ ಇದೆ, ಮುನಿಯಬೇಡಿ. 2015ರ ‘ಅಂಡರ್‌ಟೇಲ್’ ಇದಕ್ಕೆ ಉತ್ತರ ಕೊಟ್ಟಿತು. ತಾಯಿಯಂಥ ಟೋರಿಯಲ್‌ಳನ್ನು ಕೊಂದು, ಪಶ್ಚಾತ್ತಾಪದಿಂದ ಹಿಂದಿನ ಹಂತಕ್ಕೆ ಹೋಗಿ ಅವಳನ್ನು ಉಳಿಸಿದರೂ ಫ್ಲವಿ ಎಂಬ ಹೂವು ನಿಮ್ಮನ್ನು ಬಿಡುವುದಿಲ್ಲ. ನೀವು ಮಾಡಿದ್ದನ್ನು ಮುಖಕ್ಕೇ ಹೇಳುತ್ತದೆ. ಸೇವ್ ಫೈಲಿನ ಹೊರಗೊಂದು ಗುರುತು ಬರೆದಿಟ್ಟರೆ ಮುಗಿಯಿತು, ಉಪಾಯ ಅಷ್ಟೇ.

ಹಾಗಾದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ದಾಖಲೆ ಅಗ್ಗ, ಮಾತು ದುಬಾರಿ. ಮೂವತ್ತು ಪಾತ್ರ, ಇಪ್ಪತ್ತು ಬಗೆಯ ತಪ್ಪು, ಒಂದೊಂದಕ್ಕೆ ಮೂರು ಮಾತು ಎಂದರೆ 1,800 ಸಾಲು; ಬರೆಯಬೇಕು, ನಟರಿಂದ ಹೇಳಿಸಬೇಕು, ಪರೀಕ್ಷಿಸಬೇಕು. ಬಹುಪಾಲು ಆಟಗಾರರ ಕಿವಿಗೆ ಅದರಲ್ಲಿ ಹೆಚ್ಚಿನದು ಬೀಳುವುದೇ ಇಲ್ಲ. ಕೂದಲಿನ ಎಳೆ, ನೀರಿನ ಹೊಳಪು ಜಾಹೀರಾತಿನಲ್ಲಿ ಕಾಣುತ್ತವೆ, ಮುನಿಸು ಕಾಣುವುದಿಲ್ಲ. ಹಣ ಅತ್ತ ಹರಿಯುತ್ತದೆ.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಒಂದಿದೆ. 2014ರ ‘ಶ್ಯಾಡೋ ಆಫ್ ಮಾರ್ಡಾರ್’ನಲ್ಲಿ ನಿಮ್ಮನ್ನು ಕೊಂದ ಹೆಸರಿಲ್ಲದ ಸೈನಿಕ ಬಡ್ತಿ ಪಡೆದು ನಾಯಕನಾಗುತ್ತಿದ್ದ, ನೀವು ಸುಟ್ಟವನು ಸುಟ್ಟ ಗಾಯದೊಂದಿಗೆ ಮರಳಿ ಬಂದು ಹಳೆಯದನ್ನು ಎತ್ತಿ ಆಡುತ್ತಿದ್ದ. ಆ ‘ನೆಮೆಸಿಸ್’ ವ್ಯವಸ್ಥೆಗೆ ವಾರ್ನರ್ ಬ್ರದರ್ಸ್ 2021ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಅದನ್ನು ಕಟ್ಟಿದ ಮೊನೊಲಿತ್ ಸ್ಟುಡಿಯೊವನ್ನು ಅದೇ ಕಂಪನಿ 2025ರಲ್ಲಿ ಮುಚ್ಚಿತು. ಬಾವಿ ತೋಡಿದವರನ್ನು ಕಳಿಸಿ ಬಾವಿಗೆ ಬೀಗ ಹಾಕಿದ ಹಾಗೆ. ಸುತ್ತಲಿನ ಯಂತ್ರಗಳೆಲ್ಲ ಬೈದರೂ ‘ಧನ್ಯವಾದ’ ಎನ್ನುವಂತೆ ತಯಾರಾಗುತ್ತಿರುವ ಈ ಕಾಲದಲ್ಲಿ, ನಮ್ಮನ್ನು ಗುರುತು ಹಿಡಿದು ಮುಖ ತಿರುಗಿಸುವ ಒಂದು ಪಾತ್ರ ಸಿಕ್ಕರೆ ಅದನ್ನು ಕಾಪಾಡಿಕೊಳ್ಳಬೇಕು.

ಕದ್ದ ವಸ್ತು ಇನ್ನೂ ನಿಮ್ಮ ಚೀಲದಲ್ಲಿ ಇರಬಹುದು, ಹುಡುಕಿ. ಸಿಕ್ಕರೆ ಅವನ ಪೆಟ್ಟಿಗೆಯಲ್ಲಿ ಇಟ್ಟು, ಆಟದ ಕೆಲವು ದಿನ ಕಳೆದ ಮೇಲೆ ಅವನ ಮುಂದೆ ಹೋಗಿ ನಿಲ್ಲಿ. ಏನು ಹೇಳಿದನೆಂದು ನಮಗೆ ಬರೆಯಿರಿ.